ಕೊನೆಯ ಮ್ಯಾಚಿನ ಅರ್ಧ ಹೆಜ್ಜೆ

ಕ್ರಿಕೆಟ್ ಆಟಗಾರ ಅಣ್ಣಯ್ಯ ಆಟ ಬಿಡುತ್ತಾನಂತೆ ಎಂಬ ಸುದ್ದಿ ಕುಂದಾಪುರದ ಪೇಟೆ ತುಂಬ ಹಬ್ಬಿದ ದಿನ ವನಜ ಟೀಚರಿಗೆ ಪಾಠದಲ್ಲಿ ಮನಸ್ಸೇ ನಿಲ್ಲಲಿಲ್ಲ. ಸಂಜೆ ಮನೆಯಿರುವ ಕೋಟೇಶ್ವರಕ್ಕೆ ಟಿಕೆಟ್ ತೆಗೆಯಲು ಬಸ್ ಆಫೀಸಿಗೆ ಹೋದಳು. ಕಿಟಕಿಯ ಒಳಗೆ ಬುಕಿಂಗ್ ಗುಮಾಸ್ತನಾಗಿ ಕೂತವನು ಅಣ್ಣಯ್ಯನೇ.

"ಆಟ ಬಿಡ್ತ್ರಿ ಅಂಬ್ರಲೆ, ಹೌದಾ?"

"ಮೊಣಕಾಲ್ ಹೇಳಿದ್ ಕೇಂತಿಲ್ಲೆ. ಬ್ರಹ್ಮಾವರದವ್ರ ಮೇಲಿನ ಮ್ಯಾಚೇ ಕಡೀದ್."

"ಮತ್ತೆ ಭಾನ್ವಾರ ಎಲ್ಲ ಎಂತ ಮಾಡ್ತ್ರಿ?"

ಅವನು ಕಣ್ಣೆತ್ತಿದ. ತುಟಿ ನಗಲಿಲ್ಲ, ಕಣ್ಣು ಮಾತ್ರ ನಕ್ಕಿತು. "ಅದನ್ನ್ ಕೇಂಬುಕೇ ನಿಮ್ಮನಿಗೆ ಬತ್ತೆ. ಮ್ಯಾಚ್ ಮುಗೀಲಿ. ನಿಮ್ಮಪ್ಪಯ್ಯ ಮಾಷ್ಟ್ರ್ ಹತ್ರ ಒಂದ್ ಮಾತ್ ಕೇಂಬುಕಿತ್."

ವನಜಳ ಕಿವಿ ಬಿಸಿಯಾಯಿತು. ತಿರುಗಿ ಹೊರಟೇಬಿಟ್ಟಳು.

"ಹ್ವಾಯ್ ಟೀಚರೇ, ಟಿಕೆಟ್ ಬ್ಯಾಡ್ದಾ?"

ಕ್ಯೂನಲ್ಲಿದ್ದವರೆಲ್ಲ ನಕ್ಕರು. ಊರಿಗೆ ಮೊದಲೇ ಗೊತ್ತಿದ್ದ ಅವರಿಬ್ಬರ ವಿಷಯ ಅಂದು ಇನ್ನಷ್ಟು ಗಟ್ಟಿಯಾಯಿತು.

ಯುದ್ಧದ ಕಾಲದಲ್ಲಿ ಬೊಂಬಾಯಿಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದವನು ಅಣ್ಣಯ್ಯ. ಅಲ್ಲಿನ ಮೈದಾನಗಳಲ್ಲಿ ಕಲಿತ ಆಟವನ್ನು ಇಲ್ಲಿ ಆಡಿದಾಗ ಜನ ಬೆರಗಾಗಿ ನೋಡಿದ್ದರು. ಅಂದಿನಿಂದ ವನಜ ಅವನ ಒಂದು ಮ್ಯಾಚನ್ನೂ ಬಿಟ್ಟವಳಲ್ಲ. ಮೈದಾನದ ಅಂಚಿನ ಶಾಲೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಅವಳನ್ನು ಸೋಲಿಸಿದ್ದು ಅವನ ಹೊಡೆತಗಳಲ್ಲ. ಔಟಾದರೆ ಅವನು ಅಂಪೈರ್ ಕಡೆ ನೋಡುತ್ತಲೇ ಇರಲಿಲ್ಲ. ಬೆರಳು ಏಳುವ ಮೊದಲೇ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ಹೊರಟುಬಿಡುತ್ತಿದ್ದ. ಆ ನಡಿಗೆಗೆ ಅವಳು ಮನಸ್ಸು ಕೊಟ್ಟಿದ್ದಳು.

ಅವಳ ಅಪ್ಪ, ಡ್ರಾಯಿಂಗ್ ಮಾಸ್ತರ ಕೃಷ್ಣಯ್ಯನವರೇ ಊರ ಅಂಪೈರ್. "ಅಣ್ಣಯ್ಯ ಆಡುವಾಗ ನಂಗೆ ಅರ್ಧ ಕೆಲ್ಸ ಕಮ್ಮಿ" ಎಂದು ಅವರು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಮಗಳು ಸಾರು ಬಡಿಸುತ್ತ ಹಿಗ್ಗುತ್ತಿದ್ದಳು.

ಆ ಭಾನುವಾರ ಬ್ರಹ್ಮಾವರದವರು ಹೊಳೆ ದಾಟಿ, ಎರಡು ಬಸ್ಸು ಬದಲಿಸಿ ಬಂದರು. ಮೈದಾನದ ಸುತ್ತ ಜನವೋ ಜನ. ಹೊತ್ತು ಇಳಿಯುವಾಗ ಕುಂದಾಪುರಕ್ಕೆ ಉಳಿದದ್ದು ಕಡೆಯ ವಿಕೆಟ್. ಗೆಲ್ಲಲು ಇನ್ನೂ ಕೆಲವು ರನ್ ಬೇಕು. ಅಣ್ಣಯ್ಯ ಕುಂಟುತ್ತಲೇ ಆಡುತ್ತಿದ್ದ.

ಬ್ರಹ್ಮಾವರದ ಪದ್ದು ಓಡಿಬಂದು ಎಸೆದ ಚೆಂಡು ಅಣ್ಣಯ್ಯನ ಬ್ಯಾಟಿನ ಪಕ್ಕದಲ್ಲಿ ಹಾದು ಕೀಪರನ ಕೈ ಸೇರಿತು. ಹನ್ನೊಂದು ಮಂದಿಯೂ ಒಟ್ಟಿಗೆ ಕೂಗಿದರು. ಕೃಷ್ಣಯ್ಯನವರ ಕಣ್ಣಿಗೆ ಪಶ್ಚಿಮದ ಬಿಸಿಲು ನೇರ ಹೊಡೆದಿತ್ತು. ಗಲಾಟೆಯಲ್ಲಿ ಸದ್ದೂ ಕೇಳಿರಲಿಲ್ಲ. ಅವರು ಬೇರೆ ಯಾರನ್ನೂ ಕೇಳದ ಪ್ರಶ್ನೆಯನ್ನು ಅವನೊಬ್ಬನನ್ನು ಕೇಳಿದರು.

"ಅಣ್ಣಯ್ಯ, ತಾಗಿತಾ?"

"ಇಲ್ಲೆ ಮಾಷ್ಟ್ರೇ."

ಅವರು ತಲೆಯಾಡಿಸಿದರು. ನಾಟೌಟ್.

ಆದರೆ ವನಜ ನೋಡಿದ್ದಳು. ಕೂಗು ಏಳುವ ಮೊದಲೇ ಅಣ್ಣಯ್ಯನ ಬ್ಯಾಟ್ ಕಂಕುಳಿನತ್ತ ಹೋಗಿತ್ತು. ಆಟಗಾರರ ಡೇರೆಯ ಕಡೆ ಒಂದು ಕಾಲು ಎದ್ದಿತ್ತು, ಅರ್ಧ ಹೆಜ್ಜೆ. ಅಲ್ಲೇ ನಿಂತುಬಿಟ್ಟಿತು. ಮೊಣಕಾಲು ನೋವಿಗೆ ಓಲಾಡಿದ ಎಂದುಕೊಂಡರು ಉಳಿದವರು.

ಮುಂದಿನ ಓವರಿನಲ್ಲಿ ಅವನು ಚೆಂಡನ್ನು ಗಾಳಿಮರಗಳ ಆಚೆ ಕಳಿಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಆ ಗದ್ದಲದ ನಡುವೆಯೇ ಪದ್ದುವಿನ ಮಾತು ಎಲ್ಲರಿಗೂ ಕೇಳಿಸಿತು. "ಮಾವ ಅಂಪೈರ್, ಅಳಿಯ ಬ್ಯಾಟ್ಸ್‌ಮನ್. ಮತ್ತೆ ಔಟ್ ಆಪ್ದ್ ಎಲ್ಲಿಂದ?"

ಕೃಷ್ಣಯ್ಯನವರ ಮುಖ ಬಿಳಿಚಿತು. ಬೇಲ್ಸ್ ಎತ್ತಿಕೊಳ್ಳಲು ಬಗ್ಗಿದವರು ತುಸು ಹೊತ್ತು ಹಾಗೇ ಬಗ್ಗಿಯೇ ಇದ್ದರು.

ವನಜ ಡೇರೆಯ ಹಿಂದೆ ಅಣ್ಣಯ್ಯನನ್ನು ಹಿಡಿದಳು. ಅವನ ಕೊರಳ ತುಂಬ ಅಬ್ಬಲಿಗೆ ಹೂವಿನ ಹಾರ.

"ತಾಗಿತ್ ಅಲ್ದಾ?"

ಅವನು ಅತ್ತಿತ್ತ ನೋಡಿದ. ಆಮೇಲೆ ಅದೇ ಕಣ್ಣಿನ ನಗು. "ನಿನ್ ಕಣ್ಣ್ ತಪ್ಸೂಕ್ ಆತಿಲ್ಲೆ ಕಾಣ್."

"ಅಪ್ಪಯ್ಯಂಗೆ ಹೇಳಿ. ಬ್ರಹ್ಮಾವರದವ್ರ್ ಇನ್ನೂ ಹೋಯ್ಲಿಲ್ಲೆ."

"ಇದೊಂದ್ ದಿನ ಬಿಡ್ ವನಜ. ಬೊಂಬಾಯಿಂದ ಹಿಡ್ದ್ ಹನ್ನೆರಡ್ ವರ್ಷ ಆಡಿದೆ. ಔಟಾಯಿ ಹೋಪುಕೆ ಮನ್ಸ್ ಬರ್ಲಿಲ್ಲೆ. ಮನಿಗ್ ಬತ್ತೆ ಅಲ್ದಾ, ಆಗ ಹೇಳ್ತೆ."

"ಖಂಡಿತಾ?"

"ನಿನ್ನಾಣೆ."

ಅವಳು ನಂಬಿದಳು. ನಂಬದೆ ಇರಲು ಅವಳಿಗೆ ಅಭ್ಯಾಸವೇ ಇರಲಿಲ್ಲ.

ಆ ವಾರವೆಲ್ಲ ಕೃಷ್ಣಯ್ಯನವರು ಶಾಲೆ ಬಿಟ್ಟರೆ ಮನೆ. ಪೇಟೆಯಲ್ಲಿ ಯಾರೋ "ಅಳಿಯ ಹ್ಯಾಂಗಿದ್ರ್ ಮಾಷ್ಟ್ರೇ?" ಎಂದು ಕೇಳಿದ್ದರಂತೆ. ಅವರು ರಾತ್ರಿಯ ಊಟದಲ್ಲಿ ಕ್ರಿಕೆಟ್ಟಿನ ಮಾತೇ ಎತ್ತಲಿಲ್ಲ.

ಶುಕ್ರವಾರ ಸಂಜೆ ಅಣ್ಣಯ್ಯ ಇಸ್ತ್ರಿ ಮಾಡಿದ ಕೋಟು ತೊಟ್ಟು ತನ್ನ ಭಾವನೊಂದಿಗೆ ಬಂದ. ಭಾವ ಸಂಬಂಧದ ಮಾತೆತ್ತಿದಾಗ ಕೃಷ್ಣಯ್ಯನವರ ಮುಖ ಅರಳಿತು. ವನಜ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು.

"ಊರವ್ರ್ ಎಂತ ಬೇಕಾರೂ ಹೇಳ್ಲಿ ಅಣ್ಣಯ್ಯ" ಎಂದರು ಅಪ್ಪ. "ನಂಗೆ ನಿನ್ ಮಾತ್ ಸಾಕ್. ಅದನ್ನ್ ನಂಬಿ ಕೊಟ್ಟ ತೀರ್ಪ್ ಅದ್. ನಂಗೇನ್ ಬೇಜಾರಿಲ್ಲೆ."

ಈಗ ಹೇಳುತ್ತಾನೆ ಎಂದುಕೊಂಡಳು ವನಜ. ಅಣ್ಣಯ್ಯ ಅವಳತ್ತ ಒಮ್ಮೆ ನೋಡಿದ. ಆಮೇಲೆ ಲೋಟ ಎತ್ತಿ ಕಾಫಿ ಕುಡಿದ.

"ಅಪ್ಪಯ್ಯ, ಚೆಂಡ್ ಬ್ಯಾಟಿಗೆ ತಾಗಿತ್ತ್" ಎಂದಳು ವನಜ. "ಅವತ್ತೇ ನನ್ನತ್ರ ಒಪ್ಪಿದ್ರ್."

ಕೃಷ್ಣಯ್ಯನವರು ಅಣ್ಣಯ್ಯನನ್ನೇ ನೋಡುತ್ತಿದ್ದರು. ಅವನು ನೆಲ ನೋಡುತ್ತಿದ್ದ. ಕೊನೆಗೆ ಅವರು ಎದ್ದರು. "ಕೇಂಡದ್ದ್ ನಂದೇ ತಪ್ಪ್" ಎಂದಷ್ಟೇ ಹೇಳಿ ಒಳಕ್ಕೆ ಹೋದರು.

ಹೊರಟ ಅಣ್ಣಯ್ಯ ಅಂಗಳದ ಬೇಲಿಯ ದಣಪೆಯ ಬಳಿ ನಿಂತ. "ಒಂದ್ ಸಣ್ಣ್ ಸುಳ್ಳಿಗೆ ಇಷ್ಟೆಲ್ಲಾವಾ ವನಜ?"

"ಮೈದಾನದಾಗೆ ಹೇಳದ್ದ್ ಸಣ್ಣದೇ. ಅಪ್ಪಯ್ಯ ಹಾಂಗಂದಾಗ ಕಾಫಿ ಕುಡಿದ್ರಿ ಕಾಣಿ, ಅದ್ ಸಣ್ಣದಲ್ಲ."

ಅವನು ಹೋದ ಮೇಲೆ ಬಾವಿಕಟ್ಟೆಯಲ್ಲಿ ಕೂತು ಅವಳು ಅತ್ತಳು. ಅವಳಿಗೆ ಅವನು ಬೇಕಾಗಿತ್ತು. ಆ ಗಳಿಗೆಯಲ್ಲೂ ಬೇಕಾಗಿತ್ತು. ಅದೇ ಅವಮಾನ ಎನಿಸಿತು.

ಮುಂದಿನ ತಿಂಗಳು ಪದ್ದು ತಾನೇ ಕೋಟೇಶ್ವರಕ್ಕೆ ಬಂದು ಕೃಷ್ಣಯ್ಯನವರ ಕಾಲು ಮುಟ್ಟಿದ. ಅಣ್ಣಯ್ಯ ಬ್ರಹ್ಮಾವರದ ಮೈದಾನಕ್ಕೆ ಹೋಗಿ, ಆಡುತ್ತಿದ್ದವರನ್ನೆಲ್ಲ ಕೂಡಿಸಿ, ತಾನು ಔಟಾಗಿದ್ದೆ, ಮಾಸ್ತರರದ್ದು ತಪ್ಪಿಲ್ಲ ಎಂದು ಹೇಳಿಬಂದಿದ್ದನಂತೆ. ಅಪ್ಪ ಆ ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

"ಅವ್ನಿಗೆ ಹೇಳಿ ಕಳ್ಸುವನಾ ಮಗಾ?"

"ನಾನೇ ಹೇಳ್ತೆ ಅಪ್ಪಯ್ಯ."

ಮರುದಿನ ಬಸ್ ಆಫೀಸಿನಲ್ಲಿ ಅವಳನ್ನು ಕಂಡ ಅಣ್ಣಯ್ಯ ಹೊರಗೆ ಓಡಿಬಂದ. ಸೊರಗಿದ್ದ.

"ಹೇಳಿ ಬಂದ್ರಿ ಅಂಬ್ರಲೆ. ನಂಗ್ ಸಂತೋಷ ಆಯ್ತ್."

"ಹಂಗಾರೆ?"

"ಹಂಗಾರೂ ಇಲ್ಲೆ."

"ಇನ್ನೂ ಸಿಟ್ಟಾ?"

"ಸಿಟ್ಟಿಲ್ಲೆ." ಅವಳು ಅವನ ಮುಖ ನೋಡಿದಳು. "ನೀವ್ ನನ್ನಾಣೆ ಇಟ್ಟೂ ಹೇಳ್ಲಿಲ್ಲೆ. ಇನ್ನ್ ನೀವ್ ಪ್ರೀತಿ ಅಂದ್ರೂ ನಾನ್ ನಿಮ್ಮ್ ಮೋರೆ ಕಂಡ್, ನಿಜವಾ ಅಂತ ಹುಡ್ಕ್ತೆ. ಬದ್ಕಿಡೀ ಹಾಂಗೆ ಹುಡ್ಕೂಕೆ ನನ್ನತ್ರ ಆತಿಲ್ಲೆ."

ಡ್ರೈವರ್ ಹಾರ್ನ್ ಹೊಡೆದ. ಅವಳು ಹತ್ತುವಾಗ ಅಣ್ಣಯ್ಯನೇ ಬಾಗಿಲು ಹಿಡಿದು ನಿಂತ, ಅವಳು ಕೂತ ಮೇಲೆ ಮೆತ್ತಗೆ ಹಾಕಿದ.

ಪೆಟ್ರೋಲ್ ಸಿಗದ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಹೊಗೆ ಕಾರಿ ಕೆಮ್ಮುತ್ತ ಹೊರಟಿತು. ಪಕ್ಕದಲ್ಲಿ ಕೂತಿದ್ದ ಮೀನು ಮಾರುವ ಜಲಜ ಖಾಲಿ ಬುಟ್ಟಿಯನ್ನು ಕಾಲ ಬಳಿ ಸರಿಸಿ ಜಾಗ ಮಾಡಿಕೊಟ್ಟಳು. ಟೀಚರಿನ ಕಣ್ಣಲ್ಲಿ ನೀರು ಕಂಡು ಕೇಳಿದಳು, "ಎಂತಾಯ್ತ್ ಟೀಚರೇ, ಕಣ್ಣಿಗೆ ಹೊಗೆ ಹೋಯ್ತಾ?"

"ಇಲ್ಲೆ ಜಲಜಕ್ಕ" ಎಂದಳು ವನಜ. "ಮರ್ಕ್ತಾ ಇದ್ದೆ."