ಹಸಿರು ದೀಪದ ಡಬ್ಬಿ

"ಹ್ಞಾಂ, ಯಾರು ಹೇಳ್ತೀರಿ? ಮೊದಲು ಹೇಳಿದವರಿಗೆ ಸ್ಟಾರ್!" ಅಂದರು ಮೊಬೈಲಿನೊಳಗಿನ ಸರ್.

ತನುಜಾಳಿಗೆ ಉತ್ತರ ಗೊತ್ತಿತ್ತು. ಮೂವತ್ತಾರು! ನಾಲಿಗೆಯ ತುದಿಗೇ ಬಂದು ಕೂತಿತ್ತು. ಕೈ ಎತ್ತುವ ಗುರುತಿನ ಮೇಲೆ ಬೆರಳು ಒತ್ತಿದಳು. ಅಷ್ಟೇ ನೋಡಿ. ಸರ್ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟರು. ಅವರ ಮೂಗಿನ ಮೇಲೆ ಒಂದು ಬಿಳಿ ಚಕ್ರ ಗಿರಗಿರ ತಿರುಗತೊಡಗಿತು.

"ಬಾ, ಬಾ, ಲಗೂ ಬಾ!" ತನುಜಾ ಮೊಬೈಲನ್ನು ಕಿಟಕಿಗೆ ಹಿಡಿದಳು, ತಲೆ ಮೇಲೆ ಎತ್ತಿದಳು, ಕಾಟಿನ ಮೇಲೆ ಹತ್ತಿ ನಿಂತಳು.

ಚಕ್ರ ನಿಂತಾಗ ಸರ್ ನಗುತ್ತಿದ್ದರು. "ವೆರಿ ಗುಡ್! ಹಿರೇಕೆರೂರಿನ ಶರಣುಗೆ ಇವತ್ತಿನ ಸ್ಟಾರ್."

ತನುಜಾ ಪೆನ್ಸಿಲ್ ಬೀಸಿ ಒಗೆದಳು. ಅದು ಉರುಳುತ್ತಾ ಹೋಗಿ ಅಜ್ಜಿಯ ಟ್ರಂಕಿನ ಹಿಂದೆ ಬಿತ್ತು.

"ಏ ಹುಡುಗಿ, ಆ ಪೆನ್ಸಿಲ್ ಏನ್ ಮಾಡಿತ್ತ ನಿನಗ?" ಅಂದಳು ಅಜ್ಜಿ ಗುತ್ತೆವ್ವ.

"ಪೆನ್ಸಿಲ್ ಅಲ್ಲಬೇ, ಈ ದರಿದ್ರ ನೆಟ್! ದಿನಾ ಹಿಂಗ ಆಕ್ಕೈತಿ. ಜನವರ‍್ಯಾಗ ನವೋದಯ ಪರೀಕ್ಷೆ ಐತಿ. ನಾ ಹೆಂಗ ಪಾಸ್ ಆಗ್ಲಿ?"

ತನುಜಾ ಸವಣೂರಿನಲ್ಲಿ ಐದನೆಯ ತರಗತಿ ಓದುತ್ತಿದ್ದಳು. ದಿನಾ ಸಂಜೆ ಆರಕ್ಕೆ ಆನ್‌ಲೈನ್ ಕ್ಲಾಸು. ಓಣಿಯ ಇಪ್ಪತ್ತು ಮನೆಯವರೂ ಕೆಲಸ ಮುಗಿಸಿ ಮೊಬೈಲ್ ಹಿಡಿದು ಕೂರುವುದು ಅದೇ ಹೊತ್ತಿಗೆ. ಇಪ್ಪತ್ತು ಮನೆಗೂ ಒಂದೇ ನೆಟ್ಟು, ಅಕ್ಬರಸಾಬನ ನೆಟ್ಟು.

ಅಕ್ಬರಸಾಬ ಮೊದಲು ಕೇಬಲ್ ಟಿ.ವಿ. ಕೊಡುತ್ತಿದ್ದ. ಆಮೇಲೆ ನೆಟ್ ಶುರು ಮಾಡಿದ. ಓಣಿಗೆಲ್ಲ ನೆಟ್ ಹಂಚುವ ಡಬ್ಬಿ ಇದ್ದದ್ದು ತನುಜಾಳ ಮನೆಯ ಮುಂದಿನ ಗೋಡೆಯ ಮೇಲೆ. ಅದರಲ್ಲಿ ಸಣ್ಣದೊಂದು ಹಸಿರು ದೀಪ ಸದಾ ಉರಿಯುತ್ತಿತ್ತು. ಡಬ್ಬಿಗೆ ಕರೆಂಟು ಹೋಗುತ್ತಿದ್ದದ್ದೂ ಇವರ ಮನೆಯಿಂದಲೇ. ಅದಕ್ಕಾಗಿ ಅಕ್ಬರಸಾಬ ಇವರಿಗೆ ನೆಟ್ ಪುಕ್ಕಟೆ ಕೊಟ್ಟಿದ್ದ.

ಪಡಸಾಲೆಯಲ್ಲಿ, ಅಜ್ಜಿಯ ಟ್ರಂಕಿನ ಹಿಂದಿನ ಸ್ವಿಚ್ ಬೋರ್ಡಿನಲ್ಲಿ, ಆ ಡಬ್ಬಿಯ ಸ್ವಿಚ್ಚು. ಅದರ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿತ್ತು. 'ದಯವಿಟ್ಟು ಬಂದ್ ಮಾಡಬ್ಯಾಡ್ರಿ.' ಕೆಳಗೆ ಹಲ್ಲು ಕಿಸಿಯುವ ಒಬ್ಬ ಸೂರ್ಯ. ಬರೆದವಳು ಅಕ್ಬರಸಾಬನ ಮಗಳು ಶಬನಮ. ಮೂರನೆಯ ತರಗತಿಯಲ್ಲಿದ್ದಾಗ ತನುಜಾಳ ಸ್ಕೆಚ್ ಪೆನ್ನಿನಲ್ಲೇ ಬರೆದಿದ್ದಳು. ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು.

ಮರುದಿನ, ಶುಕ್ರವಾರ, ಹಳದಿ ಟೀ ಶರ್ಟಿನ ಇಬ್ಬರು ಹುಡುಗರು ಮನೆಗೆ ಬಂದರು. ಹೊಸ ಕಂಪನಿಯವರಂತೆ. "ಫೈಬರ್ ನೆಟ್ರಿ. ಈಗ ಹಾಕಿಸಿಕೊಂಡ್ರ ಮೊದಲನೇ ತಿಂಗಳು ಫ್ರೀ" ಅಂದರು. ಒಬ್ಬ ತನ್ನ ಮೊಬೈಲಿನಲ್ಲಿ ಸ್ಪೀಡ್ ತೋರಿಸಿದ. ಮುಳ್ಳು ಸರ್ರನೆ ಬಲಕ್ಕೆ ಓಡಿತು.

"ವಿಡಿಯೋ ಕ್ಲಾಸ್ ನಿಲ್ಲಂಗಿಲ್ಲೇನ್ರಿ ಅಣ್ಣಾ?" ತನುಜಾ ಕೇಳಿದಳು.

"ನಿಲ್ಲೂ ಮಾತ ಇಲ್ಲ ಪುಟ್ಟಿ."

ತನುಜಾಳಿಗೆ ಆ ಮುಳ್ಳಿನ ಮೇಲೆ ಆಸೆ ಬಂದುಬಿಟ್ಟಿತು. ಜಾತ್ರೆಯ ಬೆಂಡು ಬತ್ತಾಸಿನ ಮೇಲೂ ಅಷ್ಟು ಆಸೆ ಎಂದೂ ಬಂದಿರಲಿಲ್ಲ.

ಅಪ್ಪ ರುದ್ರೇಶ ಹಿಟ್ಟಿನ ಗಿರಣಿಯಿಂದ ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು. ಹುಡುಗರ ಮಾತು ಕೇಳಿ, "ನಾಳೆ ಸಂಜಿಮುಂದ ಬರ್ರಿ, ಹೇಳ್ತೇನಿ" ಅಂದು ಕಳಿಸಿದ.

ಅವರು ಓಣಿ ದಾಟುವುದೇ ತಡ, ತನುಜಾ ಅಪ್ಪನ ತೋಳು ಹಿಡಿದಳು. "ಅಪ್ಪಾ, ಹೂಂ ಅಂತ ಹೇಳಪಾ! ಪ್ಲೀಸ್!"

"ಬ್ಯಾಡ ಅಂತ ಹೇಳಾಂವ ನಾನು."

"ಯಾಕ?"

"ಯಾಕಂದ್ರ? ಅಕ್ಬರಸಾಬ ನಮ್ಮ ಗ್ವಾಡಿ ನಂಬಿ ಇಡೀ ಓಣಿಗೆ ವೈರ್ ಎಳದಾನ. ನಾವ ಬಿಟ್ರ ಉಳದವ್ರು ಇಟ್ಕೋತಾರೇನು? ಅವನ ನೆಟ್ ಸ್ಲೋ ಇರಬಹುದು. ಆದ್ರ ಕರೆಂಟ್ ಹೋದಾಗ ಬಿಟ್ರ ಒಂದ ದಿನಾನೂ ಬಂದ್ ಬಿದ್ದಿಲ್ಲ. ಬಂದ್ ಬೀಳಾಕತ್ತಿದ್ರ ಮಾತು ಬ್ಯಾರೆ."

ಅಪ್ಪ ಕೈಕಾಲು ತೊಳೆಯಲು ಹೋದ. ಕೊನೆಯ ಮಾತು ಮಾತ್ರ ತನುಜಾಳ ತಲೆಯಲ್ಲಿ ಉಳಿಯಿತು.

ಶನಿವಾರ ಬೆಳಗಿನ ಶಾಲೆ. ಮನೆಗೆ ಬಂದಾಗ ಅವ್ವ ಇರಲಿಲ್ಲ, ಅಪ್ಪನಿಗೆ ಬುತ್ತಿ ಕೊಡಲು ಗಿರಣಿಗೆ ಹೋಗಿದ್ದಳು. ಅಜ್ಜಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ತನುಜಾ ಮೆಲ್ಲಗೆ ಟ್ರಂಕು ಸರಿಸಿದಳು. ಮೊನ್ನೆ ಒಗೆದ ಪೆನ್ಸಿಲ್ಲು ಅಲ್ಲೇ ಬಿದ್ದಿತ್ತು. ಸ್ವಿಚ್ಚಿನ ಮೇಲೆ ಎಷ್ಟೋ ವರ್ಷದ ಧೂಳು.

ಒಂದೇ ಬೆರಳು. ಟಕ್.

'ಬರೇ ಅರ್ಧ ತಾಸು' ಅಂದುಕೊಂಡಳು. 'ಆಮ್ಯಾಲೆ ಹಚ್ಚಿಬಿಡ್ತೇನಿ.'

ಐದು ನಿಮಿಷವೂ ಆಗಿರಲಿಕ್ಕಿಲ್ಲ, ಎದುರಿನ ಝೆರಾಕ್ಸ್ ಅಂಗಡಿಯ ಜಗದೀಶ ಬೀದಿಗೆ ಬಂದು ನಿಂತ. ಅವನ ಬಾಯಿ ಮೊದಲೇ ದೊಡ್ಡದು. "ಯಾರ‍್ಯಾರ ಮನ್ಯಾಗ ನೆಟ್ ಹೋತ್ರಿ? ಇಲ್ಲಿ ಮಂದಿ ಫಾರ್ಮ್ ತುಂಬಾಕ ಪಾಳಿ ಹಚ್ಯಾರ, ಇವತ್ತ ಲಾಸ್ಟ್ ಡೇಟ್!"

"ನಮ್ದೂ ಹೋತು!" "ನಮ್ದೂ!" ಅಂತ ಒಂದೊಂದೇ ಬಾಗಿಲಿನಿಂದ ದನಿ ಬಂತು.

ಅಕ್ಬರಸಾಬ ತನ್ನ ಹಳೇ ಗಾಡಿಯ ಮೇಲೆ ಓಡಿಬಂದ. ಹಿಂದೆ ಶಬನಮ, ಮಡಿಲಲ್ಲಿ ಸ್ಕ್ರೂಡ್ರೈವರು, ಟೇಪು ತುಂಬಿದ ಚೀಲ. ಅವನು ಮೂಲೆಯ ಕಂಬ ಹತ್ತಿದ. ಇಳಿದ. ಜಗದೀಶನ ಮಾಳಿಗೆ ಹತ್ತಿದ. ಇಳಿದ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಶಬನಮ ಏಣಿಯ ಕಾಲು ಒತ್ತಿ ಹಿಡಿದಿದ್ದಳು.

"ತನು, ಒಂದ್ ಚರಿಗಿ ನೀರ್ ಕೊಡಲೇ" ಅಂದಳು. "ಅಬ್ಬಾ ಮುಂಜಾನಿಂದ ಏನೂ ತಿಂದಿಲ್ಲ."

ತನುಜಾ ನೀರು ತಂದು ಕೊಟ್ಟಳು.

ಅಕ್ಬರಸಾಬ ಕೊನೆಗೆ ಇವರ ಗೋಡೆಗೆ ಏಣಿ ಇಟ್ಟ. "ಅರೆ, ಡಬ್ಬ್ಯಾಗ ದೀಪಾನ ಇಲ್ಲ! ತನುಜಾ, ಒಳಗ ಸ್ವಿಚ್ ಆನ್ ಐತೇನ್ ನೋಡವ್ವಾ."

ತನುಜಾ ಒಳಗೆ ಹೋದಳು. ಸ್ವಿಚ್ಚನ್ನು ನೋಡಿದಳು. ಈಗಲೇ ಒತ್ತಿಬಿಟ್ಟರೆ? ಒತ್ತಿದ ಕೂಡಲೇ ದೀಪ ಹತ್ತುತ್ತದೆ, ತಾನೇ ಮಾಡಿದ್ದು ಅಂತ ಎಲ್ಲರಿಗೂ ತಿಳಿಯುತ್ತದೆ. ಜಗದೀಶ ಕಾಕಾ ಬೀದಿಯಲ್ಲೇ ನಿಂತಿದ್ದಾನೆ. ಅವಳು ಹೊರಗೆ ಬಂದಳು.

"ಐತ್ರಿ ಕಾಕಾ. ಆನ್ ಐತಿ."

"ನಾನ ಒಮ್ಮಿ ಒಳಗ ಬಂದ್ ನೋಡ್ಲೇನು?"

"ಅಜ್ಜಿ ಮಲಗ್ಯಾಳ್ರಿ."

"ಹೌದಾ? ಮಲಗ್ಲಿ, ಮಲಗ್ಲಿ. ಎಬ್ಬಸಬ್ಯಾಡ." ಅವನು ದನಿಯನ್ನೂ ತಗ್ಗಿಸಿದ. "ಹಂಗಾದ್ರ ಡಬ್ಬಿನ ಸುಟ್ಟೈತಿ. ಹುಬ್ಬಳ್ಳಿಗೆ ಹೋಗಿ ಹೊಸಾದು ತರಬೇಕು."

ಮಗಳನ್ನು ಮನೆಗೆ ಕಳಿಸಿ, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿ ಹೋದ. ನಂಬಿಬಿಟ್ಟ, ನೋಡಿ! ತನುಜಾ ಹೇಳಿದಳು, ಅವನು ನಂಬಿದ. ಅದಕ್ಕೇ ಅವಳಿಗೆ ತಡೆಯಲಾಗದಷ್ಟು ಸಂಕಟವಾಯಿತು. ಆದರೂ ಸ್ವಿಚ್ಚು ಮುಟ್ಟಲಿಲ್ಲ. ಅಷ್ಟು ಹೆದರಿದ್ದಳು.

ಸಂಜೆ ಹಳದಿ ಟೀ ಶರ್ಟಿನವರು ಬಂದರು. ಅಪ್ಪ ಬರುವಷ್ಟರಲ್ಲಿ ಜಗದೀಶ ಅರ್ಧ ಓಣಿಯನ್ನೇ ಇವರ ಮನೆಯ ಕಟ್ಟೆಗೆ ಕರೆತಂದಿದ್ದ.

"ರುದ್ರೇಶಣ್ಣಾ, ಆರು ತಾಸಾತು. ನನ್ನ ಗಿರಾಕಿ ಎಲ್ಲಾ ಬೈದು ಹೋದ್ರು. ನೀ ಇನ್ನೂ ಅಕ್ಬರಸಾಬ, ಅಕ್ಬರಸಾಬ ಅಂತ ಕುಂದ್ರು!"

ಅಪ್ಪ ಗೋಡೆಯ ಮೇಲಿನ ಸತ್ತ ಡಬ್ಬಿಯನ್ನು ನೋಡಿದ. "ಇನ್ನ ನಾ ಯಾವ ಬಾಯಿಲೆ ಬ್ಯಾಡ ಅನ್ಲಿ?" ಅಂದ. ಫಾರ್ಮಿಗೆ ಮೊದಲ ಸಹಿ ಅವನೇ ಹಾಕಿದ. ಆಮೇಲೆ ಜಗದೀಶ. ಆಮೇಲೆ ಪೆನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

ತನುಜಾಳಿಗೆ ಬೇಕಾದದ್ದು ಸಿಕ್ಕಿತ್ತು. ಅವಳು ಒಳಗೆ ಓಡಿ ಸ್ವಿಚ್ ಒತ್ತಿದಳು. ಇಷ್ಟಕ್ಕೆ ಎಲ್ಲಾ ಸರಿಹೋಗಲಿ ಅಂತ ಕಣ್ಣು ಮುಚ್ಚಿಕೊಂಡಳು.

"ಏ, ಬಂತ ನೋಡ್ರೋ!" ಹೊರಗೆ ಜಗದೀಶ ಕೇಕೆ ಹಾಕಿದ. "ತಾನ ಹೋಗ್ತೈತಿ, ತಾನ ಬರ್ತೈತಿ! ಅತ್ತಿ ಮನಿಗೆ ಹೋದ ಅಳಿಯಾ ಇದ್ದಂಗ ಐತಿ ಇದು!"

ಎಲ್ಲರೂ ಹೋ ಅಂತ ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ, ಓಣಿಯ ತುದಿಯಲ್ಲಿ ಅಕ್ಬರಸಾಬ ಕಾಣಿಸಿದ. ಕಂಕುಳಲ್ಲಿ ಹೊಸ ಡಬ್ಬಿಯ ರಟ್ಟಿನ ಪೆಟ್ಟಿಗೆ. ಹತ್ತಿರ ಬಂದು ಹಳೇ ಡಬ್ಬಿಯ ಹಸಿರು ದೀಪ ನೋಡಿದ. ಹಳದಿ ಟೀ ಶರ್ಟಿನವರ ಕೈಯಲ್ಲಿದ್ದ ಫಾರ್ಮುಗಳನ್ನು ನೋಡಿದ.

"ಹೊಸಾದು ತಂದೇನ್ರಿ..." ಅಂದ.

"ಬ್ಯಾಸರ ಮಾಡ್ಕೋಬ್ಯಾಡಪಾ ಅಕ್ಬರಸಾಬ" ಅಂದ ಅಪ್ಪ, ನೆಲ ನೋಡುತ್ತಾ. "ಎಲ್ಲಾರೂ ಸಹಿ ಮಾಡಿಬಿಟ್ರು."

ಅಕ್ಬರಸಾಬ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟ. ನೀರು ಕುಡಿಯಲು ಒಳಗೆ ಬಂದ. ಪಡಸಾಲೆಯಲ್ಲಿ ಅಜ್ಜಿ ಕೂತಿದ್ದಳು.

"ಅವ್ವಾರ, ಮಧ್ಯಾಹ್ನ ನಿದ್ದಿ ಚೊಲೋ ಆತೇನ್ರಿ?" ಅಂತ ಕೇಳಿದ, ಸುಮ್ಮನೆ ಮಾತಿಗೆ.

"ಎಲ್ಲೀ ನಿದ್ದಿ ಅಕ್ಬರಾ? ಇಡೀ ದಿನ ಹಿತ್ತಲದಾಗ ಜ್ವಾಳ ಹಸನ ಮಾಡಾಕತ್ತಿದ್ದೆ. ಕಣ್ಣ ಮುಚ್ಚಿಲ್ಲ."

ಅಕ್ಬರಸಾಬನ ಕೈಯಲ್ಲಿದ್ದ ಚರಿಗೆ ಬಾಯಿಯ ಹತ್ತಿರ ನಿಂತಿತು. ಅವನು ನೆಲ ನೋಡಿದ. ಟ್ರಂಕು ಗೋಡೆಯಿಂದ ಒಂದು ಗೇಣು ಮುಂದೆ ಬಂದಿತ್ತು. ಸ್ವಿಚ್ಚುಗಳ ಮೇಲೆಲ್ಲ ಧೂಳು, ಒಂದರ ಮೇಲೆ ಮಾತ್ರ ಬೆರಳಿನಷ್ಟು ಜಾಗ ಒರೆಸಿಹೋಗಿತ್ತು.

ಆಮೇಲೆ ಅವನು ತನುಜಾಳನ್ನು ನೋಡಿದ.

ಈಗ ಅಪ್ಪನನ್ನು ಕೂಗುತ್ತಾನೆ, ಈಗ ಹೇಳುತ್ತಾನೆ ಅಂತ ತನುಜಾ ಕಾದಳು. ಅಕ್ಬರಸಾಬ ನೀರು ಕುಡಿದು ಚರಿಗೆ ಕೆಳಗಿಟ್ಟ. ಟ್ರಂಕನ್ನು ಹಿಂದಕ್ಕೆ ದೂಡಿ ಗೋಡೆಗೆ ತಾಗಿಸಿದ. "ಬರ್ತೇನ್ರಿ ಅವ್ವಾರ" ಅಂದು ಹೋದ.

ಹೊಸ ನೆಟ್ಟು ಬಂತು. ಭಾಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಚಕ್ರ ತಿರುಗಲೇ ಇಲ್ಲ. ಮೊದಲ ವಾರವೇ ತನುಜಾಳಿಗೆ ಎರಡು ಸ್ಟಾರ್ ಬಂದವು. ಅಪ್ಪ ಗಿರಣಿಯಲ್ಲಿ ಎಲ್ಲರಿಗೂ ಹೇಳಿಕೊಂಡ. ತನುಜಾ ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ.

ಶಬನಮ ಮೊದಲಿನ ಹಾಗೇ ಪಕ್ಕದಲ್ಲಿ ಕೂರುತ್ತಿದ್ದಳು, ಮೊದಲಿನ ಹಾಗೇ ತನ್ನ ಊಟದ ಡಬ್ಬಿಯ ಚುರುಮುರಿ ಕೊಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಕ್ಬರಸಾಬ ಮನೆಯಲ್ಲೂ ಹೇಳಿರಲಿಲ್ಲ.

"ಅಬ್ಬಾ ಈಗ ಆ ಕಂಪನಿ ಕೆಲಸಕ್ಕ ಹೊಂಟಾರ" ಅಂದಳು ಒಂದು ದಿನ. "ಹಾನಗಲ್ಲ ಕಡೆ ವೈರ್ ಎಳ್ಯಾಕ. ವಾರಕ್ಕೊಮ್ಮಿ ಬರ್ತಾರ. ಅಮ್ಮಿ ಒಬ್ಬಾಕಿನ ಕುಂತು ಅಳ್ತಾಳ. ಏ, ಚುರುಮುರಿ ತಗೋ, ಯಾಕ ಒಲ್ಲಿ?"

ಒಂದು ರವಿವಾರ ಬೆಳಿಗ್ಗೆ ಅಕ್ಬರಸಾಬ ಹಳೇ ಡಬ್ಬಿ ಬಿಚ್ಚಲು ಬಂದ. ಏಣಿ ಹಿಡಿಯಲು ಜೊತೆಗೆ ಶಬನಮ. ಅವನ ಮೈಮೇಲೆ ಹಳದಿ ಟೀ ಶರ್ಟು, ಭುಜದಲ್ಲಿ ದೊಗಳೆಯಾಗಿ ಜೋತಾಡುತ್ತಿತ್ತು. ಅಪ್ಪ ಹೊರಗೆ ಬಂದು ನಿಂತ.

"ಅಲ್ಲ ಅಕ್ಬರಸಾಬ, ಅವತ್ತ ಏನಾಗಿತ್ತು ಈ ಡಬ್ಬಿಗೆ? ತಾನ ಹೋಗಿ, ತಾನ ಬಂತಲ್ಲ?"

ಬಾಗಿಲಲ್ಲಿ ನಿಂತಿದ್ದ ತನುಜಾ ಚೌಕಟ್ಟು ಗಟ್ಟಿಯಾಗಿ ಹಿಡಿದಳು.

ಅಕ್ಬರಸಾಬ ಏಣಿಯ ಮೇಲಿನಿಂದ ತಿರುಗಲಿಲ್ಲ. "ಹಳೇದಾಗಿತ್ತಲ್ರಿ ರುದ್ರೇಶಣ್ಣಾ" ಅಂದ.

"ಕಾಕಾ..." ಅಂದಳು ತನುಜಾ. ಅಪ್ಪ ಅಲ್ಲೇ ಇದ್ದ. ಏಣಿಯ ಕೆಳಗೆ ಶಬನಮ ಅವಳನ್ನು ನೋಡಿ ನಗುತ್ತಿದ್ದಳು.

ಅಕ್ಬರಸಾಬ ಈಗ ಕೆಳಗೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಒಳಗ ಹೋಗಿ ಸ್ವಿಚ್ ಬಂದ್ ಮಾಡವ್ವಾ" ಅಂದ. "ಎಲ್ಲೈತಿ ಅಂತ ನಿನಗ ಗೊತ್ತೈತಲ್ಲ."

ತನುಜಾ ಒಳಗೆ ಹೋದಳು. ಟ್ರಂಕು ಸರಿಸಿದಳು. ಶಬನಮಳ ಸೂರ್ಯ ಹಲ್ಲು ಕಿಸಿದುಕೊಂಡೇ ಇದ್ದ. ಅವತ್ತು ಒಂದೇ ಬೆರಳಿಗೆ ಬಂದ್ ಆಗಿದ್ದ ಸ್ವಿಚ್ಚು. ಇವತ್ತು ಕೈ ಮೇಲೇಳಲೇ ಇಲ್ಲ. ಅವಳ ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿದವು.

"ಆತೇನವ್ವಾ?" ಹೊರಗಿನಿಂದ ಅಕ್ಬರಸಾಬ ಕೇಳಿದ.

ಟಕ್.

"ಅಬ್ಬಾ, ದೀಪ ಹೋತು" ಅಂದಳು ಶಬನಮ.

ತನುಜಾ ಸ್ವಿಚ್ಚಿನ ಮೇಲಿಂದ ಕೈ ತೆಗೆಯದೆ ಕಿವಿಗೊಟ್ಟು ನಿಂತಳು. ಎದುರಿನ ಅಂಗಡಿಯಲ್ಲಿ ಜಗದೀಶ ಯಾರೊಂದಿಗೋ ನಗುತ್ತಾ ಮಾತಾಡುತ್ತಿದ್ದ. ಪಕ್ಕದ ಮನೆಯಲ್ಲಿ ಮೊಬೈಲ್ ಹಾಡುತ್ತಿತ್ತು. ಈ ಸಲ ಓಣಿಯಲ್ಲಿ ಯಾರೂ ಕೂಗಲಿಲ್ಲ.