ನಡುಗದ ಕೈ

ಟ್ರೋಫಿ ಕೈತಪ್ಪಿದ್ದನ್ನು ಬದರಿನಾಥ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಅದನ್ನು ವಿನಯ್‌ಗೆ ಕೊಡುವಾಗ ಅರುಂಧತಿ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದಳಲ್ಲ, ಅದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಅವನು ಗೆದ್ದ ವರ್ಷಗಳಲ್ಲಿ ಹೆಂಡತಿ ಕೂತಲ್ಲೇ ತಟ್ಟಿದ್ದಳು. ಮಡಿಲಲ್ಲಿ ತಿಂಡಿಯ ತಟ್ಟೆ ಇತ್ತಂತೆ.

ಹಾರ್ನ್‌ಬಿ ಬಡಾವಣೆಯ ತಮ್ಮ ಮನೆಗೆ ವಾಪಸಾಗುವ ದಾರಿಯಲ್ಲೂ ಅವಳದು ಅದೇ ಮಾತು.

"ಆ ಹುಡುಗನ ಕೈ ನೋಡಿದ್ರಾ? ಒಂಚೂರೂ ಅಲ್ಲಾಡಲ್ಲ. ದಿನಾ ಇನ್ನೊಬ್ಬರ ಬಾಯೊಳಗೆ ಕೆಲಸ ಮಾಡೋ ಕೈ ಅಲ್ವಾ."

"ಹುಡುಗ ಏನಲ್ಲ. ನಲವತ್ತಾಯ್ತು ಅವನಿಗೆ."

"ನಿಮ್ಮ ಮುಂದೆ ಹುಡುಗಾನೇ ಬಿಡಿ" ಎಂದು ಅವಳು ನಕ್ಕಳು.

ಕ್ರೈಸ್ಟ್‌ಚರ್ಚ್ ಊರಾಚೆಯ ಬಯಲಿನಲ್ಲಿ ಹಳೆಯ ಕಾಲದ ಬಂದೂಕುಗಳಿಂದ ಗುರಿ ಹೊಡೆಯುವವರ ಸಣ್ಣ ಕ್ಲಬ್ ಅದು. ಅಂಗಡಿಯ ಗುಂಡು ತಂದವರನ್ನು ಅಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸೀಸವನ್ನು ಮನೆಯಲ್ಲೇ ಕರಗಿಸಿ, ಅಚ್ಚಿಗೆ ಹೊಯ್ದು, ತನ್ನ ಗುಂಡನ್ನು ತಾನೇ ಎರಕ ಹೊಯ್ದುಕೊಳ್ಳಬೇಕು. ಬದರಿನಾಥ ಅಲ್ಲಿ ಕಾಲಿಟ್ಟಾಗ ಅವನೊಬ್ಬನೇ ಭಾರತೀಯ. ಯಂತ್ರಗಳ ವಿನ್ಯಾಸ ಮಾಡುವವನಾದ್ದರಿಂದ ಕೆಲಸ ಬೇಗ ಕೈಗೆ ಹತ್ತಿತು, ಮರ್ಯಾದೆ ನಿಧಾನವಾಗಿ ಬಂತು. ಅವನ ಹೆಸರು ನಾಲಗೆಗೆ ಹೊರಳದೆ ಎಲ್ಲರೂ ಅವನನ್ನು ಬ್ಯಾರಿ ಎಂಬ ಇಂಗ್ಲಿಷ್ ಹೆಸರಿನಿಂದ ಕರೆದರು. ಅವನೂ ಒಪ್ಪಿಕೊಂಡ. ಆಮೇಲೆ ಅವನೇ ವಿನಯ್‌ನನ್ನು ಕರೆತಂದ. ಮೈಸೂರಿನ ದಂತವೈದ್ಯ, ಇಲ್ಲಿಯ ಪರೀಕ್ಷೆ ಪಾಸು ಮಾಡಿ ಹೊಸದಾಗಿ ಬಂದವನು, ವಾರಾಂತ್ಯ ಬೇಸರ ಎನ್ನುತ್ತಿದ್ದ. ಬಂದೂಕಿನ ಲೈಸೆನ್ಸಿಗೆ ಪರಿಚಯಸ್ಥನಾಗಿ ಮಾತಾಡಿದ್ದೂ ಬದರಿನಾಥನೇ. ಕ್ಲಬ್ಬಿನವರು ಆ ಹೊಸಬನ ಹೆಸರನ್ನು ಮಾತ್ರ ಮೊದಲ ದಿನವೇ ಸರಿಯಾಗಿ ಕಲಿತರು.

ಬರುವ ಬೇಸಿಗೆಯ ಅಂಕಗಳನ್ನು ನೋಡಿ ಆಸ್ಟ್ರೇಲಿಯಾಕ್ಕೆ ಹೋಗುವ ತಂಡ ಕಟ್ಟುತ್ತಾರೆ. ಅದರಲ್ಲಿ ಕ್ಲಬ್ಬಿಗೆ ಇರುವುದು ಒಂದೇ ಜಾಗ. ಅದು ತನ್ನದೆಂದು ಬದರಿನಾಥ ವರ್ಷಗಳಿಂದ ನಂಬಿಕೊಂಡು ಬಂದಿದ್ದ.

ಅಂಥ ಹೊತ್ತಿನಲ್ಲೇ ವಿನಯ್ ಫೋನ್ ಮಾಡಿದ. "ಬದರಿ ಅಣ್ಣ, ಇನ್ನೂ ಎಷ್ಟು ದಿನ ನಿಮ್ಮ ಶೆಡ್‌ಗೆ ಬಂದು ತೊಂದರೆ ಕೊಡ್ಲಿ? ನಂದೇ ಒಂದು ಸೀಸ ಕರಗಿಸೋ ಪಾತ್ರೆ ತಗೋಬೇಕು ಅಂತಿದ್ದೀನಿ. ಯಾವುದು ಅಂತ ನೀವೇ ಆರಿಸಿಕೊಡಿ. ನಂಗೆ ಏನೂ ಗೊತ್ತಾಗಲ್ಲ."

"ಆರಿಸೋಣ ಬಿಡಪ್ಪ" ಎಂದ ಬದರಿನಾಥ.

ಕೊಲೆಯ ಯೋಚನೆ ಅವನಿಗೆ ಬರಲಿಲ್ಲ. ಅಷ್ಟು ಕೆಟ್ಟವನಲ್ಲ ತಾನು ಎಂದು ಅವನ ನಂಬಿಕೆ. ಅವನಿಗೆ ಬೇಕಾಗಿದ್ದು ಆ ಕೈಯ ಸ್ಥಿರತೆ ಒಂದೇ. ಸೀಸ ಅದನ್ನು ಮಾಡಬಲ್ಲದು. ಹದ ಮೀರಿ ಕಾದ ಸೀಸದ ಹೊಗೆ, ಪುಡಿ ಮೈಸೇರುತ್ತ ಹೋದರೆ ಮೊದಲು ಹೊಟ್ಟೆ, ನಿದ್ದೆ, ಸಿಟ್ಟು, ಆಮೇಲೆ ಬೆರಳು. ಅವಸರವಿಲ್ಲದ ಕೆಲಸ. ಗುಂಡು ಎರಕ ಹೊಯ್ಯುವವನಿಗೆ ಸೀಸ ತಗುಲಿದರೆ ಯಾರು ಯಾರನ್ನು ಕೇಳುತ್ತಾರೆ? ನೀನೇ ಎಚ್ಚರ ತಪ್ಪಿದೆ ಎನ್ನುತ್ತಾರೆ.

ಗೋದಾಮುಗಳ ನಡುವಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ಅವನು ಒಂದು ಮಧ್ಯಾಹ್ನ ಪೂರ್ತಿ ಕಳೆದ. ಗ್ಯಾಸ್ ಒಲೆಯ ಮೇಲಿಡುವ ಕಬ್ಬಿಣದ ಬಾಣಲೆ ಅಗ್ಗವಾಗಿತ್ತು, ಸೌಟಿನಿಂದ ತೋಡಿ ಹೊಯ್ಯಬೇಕು. ಆದರೆ ಅದನ್ನು ವಿನಯ್ ಖಂಡಿತ ಅಂಗಳದಲ್ಲೇ ಇಟ್ಟುಕೊಳ್ಳುತ್ತಾನೆ. ಗಾಳಿ ಎಲ್ಲವನ್ನೂ ಒಯ್ಯುತ್ತದೆ. ಬೇಡ. ತಾಪವನ್ನು ಅಂಕಿಯಲ್ಲಿ ತೋರಿಸುವ ದೊಡ್ಡದೊಂದಿತ್ತು. ಅದು ಸುಳ್ಳು ಹೇಳಲು ಒಪ್ಪದ ಯಂತ್ರ. ಅದೂ ಬೇಡ. ಮೂರನೆಯದು ಎರಡು ಹಿಡಿಯಷ್ಟು ಎತ್ತರದ ವಿದ್ಯುತ್ ಪಾತ್ರೆ. ತಳದಲ್ಲಿ ಸಣ್ಣ ಕೊಳವೆ, ಹಿಡಿಕೆ ಎತ್ತಿದರೆ ಸೀಸ ನೇರ ಅಚ್ಚಿಗೆ ಇಳಿಯುತ್ತದೆ. ಪಕ್ಕದಲ್ಲಿ ಬಿಸಿ ಎಷ್ಟಿರಬೇಕೆಂದು ತಿರುಗಿಸಿಡುವ ಥರ್ಮೋಸ್ಟಾಟ್. ಅದರ ಒಳಗನ್ನು ಸ್ವಲ್ಪ ಸರಿಸಿಟ್ಟರೆ ಹೊರಗಿನ ಗುರುತು ಹದ ಎನ್ನುತ್ತಿರುತ್ತದೆ, ಒಳಗೆ ಸೀಸ ಕೆರಳಿರುತ್ತದೆ. ಗ್ಯಾರೇಜಿನಲ್ಲಿ ಮೇಜಿನ ಮೇಲೆ ಇಡುವಂಥದ್ದು. ಚಳಿಗಾಲ ಬೇರೆ, ಬಾಗಿಲು ಮುಚ್ಚಿಯೇ ಇರುತ್ತದೆ.

ಅವನು ಅದನ್ನೇ ಆರಿಸಿದ. ಒಂದಲ್ಲ, ಎರಡು. ತನ್ನ ಹಳೆಯದೂ ಸವೆದಿತ್ತು. ತಾನು ಬಳಸುವುದನ್ನೇ ತಮ್ಮನಂಥವನಿಗೂ ಕೊಟ್ಟೆ ಎಂದ ಮೇಲೆ ಮಾತೇ ಮುಗಿಯಿತು. ಎರಡನ್ನೂ ಪರೀಕ್ಷೆ ಮಾಡಿ ಕೊಡುತ್ತೇನೆಂದು ಮನೆಗೆ ತಂದು, ಒಂದನ್ನು ಮುಟ್ಟದೆ ಬಿಟ್ಟ, ಇನ್ನೊಂದನ್ನು ತಿದ್ದಿದ. ತಿದ್ದಿದ್ದಕ್ಕೆ ಒಂದು ಗೀರನ್ನೂ ಹಾಕಲಿಲ್ಲ. ಗುರುತು ಎಂದರೆ ಸಾಕ್ಷಿ ಎಂಬುದು ಅವನ ಲೆಕ್ಕ.

"ಬಾಗಿಲು ಹಾಕ್ಕೊಂಡೇ ಮಾಡು" ಎಂದು ಕೊಡುವಾಗ ಹೇಳಿದ. "ಗಾಳಿ ಬಡಿದ್ರೆ ಅಚ್ಚು ತಣ್ಣಗಾಗತ್ತೆ. ಈ ಗುರುತಿಗೆ ಇಟ್ಟು ಬಿಡು, ಮತ್ತೆ ಮುಟ್ಟಬೇಡ."

"ನೀವು ಹೇಳಿದ್ಮೇಲೆ ಮುಗೀತು ಅಣ್ಣ."

ಚಳಿಗಾಲ ಕಳೆಯಿತು. ವಿನಯ್‌ನ ಕೈ ನಡುಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಅವನ ಗುಂಡುಗಳು ಅಂಚಿನ ತನಕ ತುಂಬಿ, ಒಂದರಂತೆ ಇನ್ನೊಂದು ಬರತೊಡಗಿದವು. ಬಿಸಿ ಹೆಚ್ಚಿದ್ದರೆ ಅಚ್ಚು ಚೆನ್ನಾಗಿ ತುಂಬುತ್ತದೆ. ಬದರಿನಾಥನಿಗೆ ಇದು ಗೊತ್ತಿತ್ತು, ಆದರೆ ಇಷ್ಟು ಚೆನ್ನಾಗಿ ತುಂಬೀತೆಂದು ಅಂದುಕೊಂಡಿರಲಿಲ್ಲ. ವಿನಯ್ ಅವನ್ನು ಡಬ್ಬಿಯಲ್ಲಿ ತಂದು ಊಟದ ಮೇಜಿನ ಮೇಲೆ ಸುರಿದು ತೋರಿಸಿದ. ಅರುಂಧತಿ ಒಂದೊಂದನ್ನೇ ಎತ್ತಿ ನೋಡಿದಳು. "ಮುತ್ತಿನ ಹಾಗಿದೆ. ನಿಮ್ಮ ಅಣ್ಣಂದು ಯಾಕೆ ಹೀಗೆ ಬರಲ್ಲ?" ಎಂದಳು. ಅಂದು ರಾತ್ರಿ ಬದರಿನಾಥ ಅನ್ನಕ್ಕೆ ಸಾರು ಹಾಕಿಕೊಳ್ಳದೆ ತಿಂದೆದ್ದ.

ತಾಳ್ಮೆ, ಎಂದು ತನಗೆ ತಾನೇ ಹೇಳಿಕೊಂಡ. ಸೀಸಕ್ಕೆ ಸಮಯ ಬೇಕು.

ಆಯುಧಪೂಜೆಗೆ ಪ್ರತಿವರ್ಷ ಅವರ ಮನೆಯಲ್ಲೇ ಎಲ್ಲರೂ ಸೇರುವುದು. ಒಬ್ಬೊಬ್ಬರೂ ತಮ್ಮ ಹೊಟ್ಟೆಪಾಡಿನ ಸಾಮಾನು ತರುತ್ತಾರೆ. ಲ್ಯಾಪ್‌ಟಾಪುಗಳು ಸಾಲಾಗಿ ಕೂತಿದ್ದವು. ವಿನಯ್‌ನ ಹೆಂಡತಿ ಗಾನವಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಸ್ಟೆತೊಸ್ಕೋಪಿನ ಕೊರಳಿಗೆ ಅರುಂಧತಿ ಸೇವಂತಿಗೆ ಸುತ್ತಿದಳು.

"ಅತ್ತಿಗೆ, ನಾಳೆ ಪೇಷೆಂಟ್ ಎದೆ ಮೇಲೆ ಕುಂಕುಮ ಬೀಳತ್ತೆ!"

"ಬೀಳ್ಲಿ. ಬೇಗ ವಾಸಿಯಾಗ್ತಾರೆ."

ವಿನಯ್ ತನ್ನ ಪಾತ್ರೆಯನ್ನೂ ಹೊತ್ತು ತಂದಿದ್ದ. ಅರುಂಧತಿ ಶೆಡ್ಡಿನಿಂದ ಗಂಡನದನ್ನೂ ತರಿಸಿದಳು. ಒರೆಸಿ, ಅರಿಸಿನ ಕುಂಕುಮ ಹಚ್ಚಿ ದೀಪದ ಎಡಬಲಕ್ಕೆ ಇಟ್ಟಳು. ಬದರಿನಾಥ ಎಚ್ಚರದ ಮನುಷ್ಯ. ನಿಂಬೆಹಣ್ಣು ತರಲು ಮೂಲೆಯ ದಿನಸಿ ಅಂಗಡಿಗೆ ಹೊರಡುವ ಮುಂಚೆ, ತನ್ನದು ಎಡಕ್ಕಿದೆ ಎಂದು ನೋಡಿಟ್ಟುಕೊಂಡ. ಮಂಗಳಾರತಿ ಮುಗಿದ ಮೇಲೆ ಎಡಗಡೆಯದನ್ನು ತಾನೇ ಎತ್ತಿ ಶೆಡ್ಡಿಗೆ ಒಯ್ದ.

ಅಲ್ಲಿಂದ ಗಾಳಿ ತಿರುಗಿತು. ಈ ದೇಶದಲ್ಲಿ ದಸರೆಯ ಬೆನ್ನಿಗೇ ಬರುವ ಬೇಸಿಗೆ ಶುರುವಾಗುವ ಹೊತ್ತಿಗೆ ವಿನಯ್‌ನ ಅಂಕಗಳು ಜಾರಿದವು. "ಯಾಕೋ ಅಣ್ಣ, ಎಲ್ಲಾ ನೀವು ಹೇಳಿದ ಹಾಗೇ ಮಾಡ್ತೀನಿ. ಅಂಚು ತುಂಬ್ತಾನೇ ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡ. ಕೈ ಸೋಲತೊಡಗಿದವನು ಅಚ್ಚಿನ ಮೇಲೆ ತಪ್ಪು ಹಾಕುವುದು ಸಹಜ ಎಂದು ಬದರಿನಾಥ ಒಳಗೇ ನಕ್ಕ. ಬದರಿನಾಥನ ಗುಂಡೋ, ಎಂದೂ ಇಲ್ಲದಷ್ಟು ಚೆನ್ನಾಗಿ ಬರುತ್ತಿತ್ತು. ಸೀಸಕ್ಕೆ ಬೆರೆಸುವ ತವರದ ಪಾಲನ್ನು ತುಸು ಬದಲಿಸಿದ್ದ; ಆ ಮಿಶ್ರಣದ ಗುಣ ಎಂದುಕೊಂಡ. ವಾಯವ್ಯದ ಬಿಸಿಗಾಳಿ ಬಯಲಿನ ದೂಳನ್ನೆಲ್ಲ ಎತ್ತಿ ತರುವ ದಿನಗಳು. ಶೆಡ್ಡಿನ ಬಾಗಿಲು ಹಾಕಿಕೊಂಡು, ವಾರಾಂತ್ಯವೆಲ್ಲ ಅಲ್ಲೇ ಕೂತು ಹೊಯ್ದ. ಹೊಯ್ದಷ್ಟೂ ಇನ್ನಷ್ಟು ಹೊಯ್ಯಬೇಕೆನಿಸುತ್ತಿತ್ತು.

ಆಸ್ಟ್ರೇಲಿಯಾದ ಜಾಗ ಅವನಿಗೇ ಬಂತು. ಹೆಸರು ಕೂಗಿದಾಗ ಅರುಂಧತಿ ಎದ್ದು ನಿಂತು ತಟ್ಟಿದಳು, ಕಣ್ಣೊರೆಸಿಕೊಂಡಳು. ಅವನು ನೋಡಿದ್ದು ವಿನಯ್‌ನ ಮುಖವನ್ನು.

ಈಚೆಗೆ ಹೊಟ್ಟೆ ಹಿಂಡಿದಂತಾಗುತ್ತಿತ್ತು. ನಿದ್ದೆ ಹರಿದುಹೋಗುತ್ತಿತ್ತು. ಕಾಫಿಗೆ ಕಬ್ಬಿಣದ ರುಚಿ. ಗೆಲುವಿನ ತವಕ ಎಂದು ತಳ್ಳಿಹಾಕಿದ. ಪ್ರಯಾಣ ಹತ್ತಿರವಾದಾಗ ದವಡೆಹಲ್ಲು ನೋಯತೊಡಗಿತು. ಅರುಂಧತಿ ಬಿಡಲಿಲ್ಲ, ಮನೆಯವನಂಥ ಡಾಕ್ಟರ್ ಇರುವಾಗ ಬೇರೆ ಕಡೆ ಯಾಕೆ ಎಂದಳು.

ಕುರ್ಚಿ ಹಿಂದಕ್ಕೆ ವಾಲಿತು. ವಿನಯ್‌ನ ಬೆರಳುಗಳು ಬಾಯೊಳಗೆ ಬಂದವು. ಬಂಡೆಯಂತೆ ನಿಂತಿದ್ದವು. ಅದನ್ನು ಗಮನಿಸುವಷ್ಟರಲ್ಲಿ ಅವು ಒಂದೆಡೆ ತಡೆದವು.

"ಅಣ್ಣಾ, ಕೈ ಸ್ವಲ್ಪ ಮುಂದೆ ಚಾಚಿ."

ಬದರಿನಾಥ ಚಾಚಿದ. ಅದು ತಾನಾಗಿ ನಡುಗುತ್ತಿತ್ತು.

"ವಸಡಿನ ಅಂಚಿಗೆ ನೀಲಿ ಗೆರೆ ಬಂದಿದೆ ಅಣ್ಣ. ಸೀಸ ಮೈಸೇರಿದ್ರೆ ಹೀಗಾಗತ್ತೆ ಅಂತ ಕಾಲೇಜಲ್ಲಿ ಚಿತ್ರದಲ್ಲಿ ನೋಡಿದ್ದೆ, ಬಾಯಲ್ಲಿ ಇದೇ ಮೊದಲು." ವಿನಯ್‌ನ ಧ್ವನಿ ಇಳಿದಿತ್ತು. "ಇವತ್ತೇ ರಕ್ತ ಕೊಡಿ. ಆಸ್ಟ್ರೇಲಿಯಾ ಆಮೇಲೆ ನೋಡೋಣ."

ರಕ್ತದಲ್ಲಿ ಸೀಸ ಮಿತಿ ಮೀರಿದ್ದರೆ ಲ್ಯಾಬಿನವರು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಆ ವಾರವೇ ಒಬ್ಬ ಅಧಿಕಾರಿ ಬಂದಳು, ವಯಸ್ಸಾದ, ನಿಧಾನಸ್ಥ ಹೆಂಗಸು. ಎರಕದ ವಿಷಯ ವಿವರಿಸಲೆಂದು ವಿನಯ್ ರಜೆ ಹಾಕಿ ಬಂದು ಜೊತೆಗೆ ನಿಂತ. ಅವಳು ಶೆಡ್ಡಿನಲ್ಲಿ ಪಾತ್ರೆಯನ್ನು ಕಾಯಿಸಿ, ತನ್ನ ಮಾಪಕವನ್ನು ಇಳಿಬಿಟ್ಟಳು. ಹೊರಗಿನ ಗುರುತಿಗೂ ಒಳಗಿನ ಬಿಸಿಗೂ ತಾಳೆಯಿರಲಿಲ್ಲ. ತಣ್ಣಗಾದ ಮೇಲೆ ಪಕ್ಕದ ಮುಚ್ಚಳ ಬಿಚ್ಚಿ ನೋಡಿ, ಇದು ತಾನಾಗಿ ಕೆಟ್ಟದ್ದಲ್ಲ, ಯಾರೋ ಬೇಕೆಂದೇ ಸರಿಸಿದ್ದಾರೆ, ಇನ್ನು ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದಳು.

ಬದರಿನಾಥನಿಗೆ ತನ್ನದೇ ಕೈಗೆಲಸ ಗುರುತು ಸಿಕ್ಕಿತು. ಆದರೆ ತಲೆ ಇನ್ನೂ ಚುರುಕಾಗಿತ್ತು. ಪಾತ್ರೆಗಳು ಅದಲುಬದಲಾಗಿವೆ. ಹೇಗೆ ಎಂಬುದು ಆಮೇಲೆ. ಇದನ್ನು ಯಾರ ತಲೆಗೆ ಕಟ್ಟಬಹುದು ಎಂಬುದು ಈಗ. ನೋಡುತ್ತ ನೋಡುತ್ತ ಅವನಿಗೆ ಇಡೀ ವರ್ಷದ ಅತ್ಯುತ್ತಮ ಉಪಾಯ ಹೊಳೆಯಿತು. ಗಂಭೀರವಾಗಿ, ಸ್ವಲ್ಪ ನೋವಿನಿಂದಲೇ ಹೇಳಿದ: ಇದು ನನ್ನ ಪಾತ್ರೆಯಲ್ಲ. ವಿನಯ್‌ನದು. ನಾನು ಕೊಟ್ಟಾಗ ಎರಡೂ ಸರಿಯಿದ್ದವು, ಕೈಯಾರೆ ಪರೀಕ್ಷಿಸಿದ್ದೆ. ಟ್ರೋಫಿ, ತಂಡ, ಎಲ್ಲ ನಿಮಗೆ ಗೊತ್ತಿಲ್ಲ. ಇವನೇ ತನ್ನದನ್ನು ತಿದ್ದಿ ನನ್ನದರ ಜಾಗದಲ್ಲಿ ಇಟ್ಟಿದ್ದಾನೆ. ಅವನ ಗ್ಯಾರೇಜಿನಲ್ಲಿ ನೋಡಿ, ನನ್ನ ಒಳ್ಳೆಯ ಪಾತ್ರೆ ಅಲ್ಲಿ ಸಿಗುತ್ತದೆ.

ಅಧಿಕಾರಿ ವಿನಯ್‌ನ ಕಡೆ ತಿರುಗಿದಳು.

"ಅಯ್ಯೋ, ಅವನನ್ಯಾಕೆ ಅಂತೀರ? ಅವನು ಮುಟ್ಟೇ ಇಲ್ಲ ರೀ" ಎಂದಳು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅರುಂಧತಿ. ಅವಳ ಕಣ್ಣು ತುಂಬಿತ್ತು. "ಬದಲಾಯಿಸಿದ್ದು ನಾನು. ಪೂಜೆ ದಿನ, ನೀವು ನಿಂಬೆಹಣ್ಣಿಗೆ ಹೋದಾಗ. ಚಳಿಗಾಲದಲ್ಲಿ ನೀವು ಪರೀಕ್ಷೆ ಮಾಡಿ ಅವನಿಗೆ ಕೊಟ್ಟ ಮೊದಲ ದಿನದಿಂದಲೇ ಅವನ ಗುಂಡು ಮುತ್ತಿನ ಹಾಗೆ ಬರ್ತಿತ್ತು, ಒಳ್ಳೇ ಪಾತ್ರೆ ಅವನಿಗೆ ಹೋಗಿಬಿಟ್ಟಿದೆ ಅಂದ್ಕೊಂಡೆ. ನೀವು ಊಟ ಬಿಟ್ಟು ಒಳಗೊಳಗೇ ಬೇಯೋದು ನಂಗೆ ಕಾಣ್ತಿರಲಿಲ್ವಾ? ಈ ಸಲ ನೀವು ಗೆಲ್ಲಬೇಕಿತ್ತು ನಂಗೆ, ಅಷ್ಟೆ." ತಟ್ಟೆಯನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಆ ಅಧಿಕಾರಿಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದನ್ನೂ ಬಿಡದೆ, ಮತ್ತೊಮ್ಮೆ ಹೇಳಿದಳು.