ಗಲಾಟೆಯಿಲ್ಲದ ಸಂಜೆ

ಆ ದೋಣಿಯವನಿಗೆ ಚೆನ್ನಾಗಿ ಛೀಮಾರಿ ಹಾಕಿ ಬರುತ್ತೇನೆಂದು ಅವಳು ಮೊದಲ ಸಲ ದೋಣಿ ಕಟ್ಟುವ ಜೆಟ್ಟಿಗೆ ಹೋದದ್ದು. ಹೋದವಳು ಮನಸ್ಸು ಕೊಟ್ಟು ಬಂದಳು. ಇದಕ್ಕೇನನ್ನುತ್ತೀರಿ!

ಅವಳದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಸಂಜೆಯಾದರೆ ಬಾಗಿಲೆಳೆದು, ಕಡಲ ದಂಡೆಯ ಹಳೆಯ ಐಸ್ ಫ್ಯಾಕ್ಟರಿಯ ಮಹಡಿಗೆ ಓಡುವಳು. ಅಲ್ಲಿ ಅವಳ ಚಿಕ್ಕಪ್ಪ, ಅವನ ಗೆಳೆಯರಾದ ರಿಟೈರ್ಡ್ ಲೆಕ್ಕದ ಮೇಷ್ಟ್ರು ರೇಡಿಯೋ ಮುಂದೆ ಕೂತಿರುತ್ತಿದ್ದರು. ಮರಳಿನ ಮೇಲೆ ಉದ್ದಕ್ಕೂ ತಂತಿ ಎಳೆದು, ಸೂರ್ಯ ಮುಳುಗುವಾಗ ಕಡಲಾಚೆಯ ದೂರದೂರದ ಎಎಂ ಸ್ಟೇಷನ್ನುಗಳನ್ನು ಹಿಡಿಯುವುದು ಮೂವರಿಗೂ ಹುಚ್ಚು. ಸ್ಟೇಷನ್ ತನ್ನ ಹೆಸರು ಹೇಳುವುದನ್ನು ಕಿವಿಯಾರೆ ಕೇಳಿದ ಮೇಲೆಯೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಊಹೆ ನಡೆಯದು.

ಸರಿಯಾಗಿ ಆ ಹೊತ್ತಿಗೇ, ಹೊರಗೆ ಲಂಗರು ಹಾಕಿದ ಹಡಗುಗಳಿಗೆ ಸಾಮಾನು ಮುಟ್ಟಿಸಿ ಆ ದೋಣಿಯವನು ತನ್ನ ಪೆಟ್ರೋಲ್ ದೋಣಿಯಲ್ಲಿ ವಾಪಸ್ಸಾಗುತ್ತಿದ್ದ. ಎಂಜಿನ್ನಿನ ಕಿಡಿಯ ಸದ್ದು ತಂತಿ ಹಿಡಿದು ಬಂದು ರೇಡಿಯೋದಲ್ಲಿ ಟರ್ರ್ ಎಂದು ಎಲ್ಲವನ್ನೂ ನುಂಗಿಬಿಡುತ್ತಿತ್ತು.

"ನಿಮ್ಮ ಎಂಜಿನ್ನು ನಮ್ಮ ರೇಡಿಯೋನ ಹಾಳು ಮಾಡ್ತಿದೆ, ಗೊತ್ತಾ?" ಅಂದಿದ್ದಳು ಜೆಟ್ಟಿಗೆ ಹೋದ ಆ ಮೊದಲ ದಿನ.

"ನನ್ನ ಕಿವಿ ಮಾತ್ರ ಹಾಳು ಮಾಡ್ತಿದೆ ಅಂದ್ಕೊಂಡಿದ್ದೆ, ಮೇಡಂ." ಅವನು ಎಣ್ಣೆ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ಅಂದ್ರೆ ನಾನು ಬರೋದು ನಿಮಗೆ ಮೊದ್ಲೇ ಗೊತ್ತಾಗತ್ತೆ?"

"ಊರಿಗೆಲ್ಲ ಮೊದ್ಲು."

ಅವನು ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ನೋಡಬಾರದು ಅಂದುಕೊಂಡೇ ಅವಳು ನೋಡಿದಳು.

ಆಮೇಲೆ ಅವನು ಅಂಗಡಿಗೆ ಬರತೊಡಗಿದ, ಕಣ್ಣು ಪರೀಕ್ಷೆಗೆ. "ನಿಮ್ಮ ಕಣ್ಣು ಹದ್ದಿನ ಥರ ಇದೆ, ಕನ್ನಡಕ ಯಾಕೆ?" ಅಂದರೆ, "ಹಾಗಾದ್ರೆ ಇನ್ನೊಂದ್ಸಲ ನೋಡಿಬಿಡಿ" ಎನ್ನುವನು. ಬಾಯಿಬಿಟ್ಟು ಇಬ್ಬರೂ ಏನೂ ಹೇಳಲಿಲ್ಲ. ಆದರೆ ಸಂಜೆ ಟರ್ರ್ ಎಂದಾಗ ಮೇಷ್ಟ್ರು ಬೈಯುತ್ತಿದ್ದರೆ, ಬಂದನಪ್ಪಾ ಎಂದು ಅವಳ ಎದೆ ಹಗುರಾಗುತ್ತಿತ್ತು.

ಒಂದು ದಿನ ಮಧ್ಯಾಹ್ನದಿಂದಲೇ ಗಾಳಿ ಸತ್ತುಹೋಗಿತ್ತು. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮಿಂಚು ಕಣ್ಣಿಗೆ ಕಾಣುವ ಮೊದಲೇ ರೇಡಿಯೋ ಚಟಪಟ ಅನ್ನತೊಡಗಿತು. ಆರು ಗಂಟೆಯಾಯಿತು. ಟರ್ರ್ ಇಲ್ಲ. ಆರೂಕಾಲಾಯಿತು. ಇಲ್ಲ.

"ಎಂಥಾ ಸಂಜೆ! ಆ ಪೀಡೆ ಇವತ್ತು ತೊಲಗಿತು ನೋಡು," ಎಂದರು ಮೇಷ್ಟ್ರು.

"ಬಿಡ್ತು ಅನ್ನಿ, ಮೇಷ್ಟ್ರೇ!"

ಅವಳ ದನಿಗೆ ಮೇಷ್ಟ್ರು ಬೆಚ್ಚಿ "ಬಿಡ್ತು, ಬಿಡ್ತು" ಎಂದರು. ಚಿಕ್ಕಪ್ಪ ಹೆಡ್‌ಫೋನ್ ಸರಿಸಿ ಅವಳ ಮುಖ ನೋಡಿದ. ಅವಳು ಮೂರು ಸಲ ಫೋನ್ ಮಾಡಿದಳು. ನಾಟ್ ರೀಚಬಲ್. ಜೆಟ್ಟಿ ಇರುವುದು ಕಟ್ಟಡದ ಇನ್ನೊಂದು ಬದಿಗೆ. ಈ ಕಿಟಕಿಯಲ್ಲಿ ಕಾಣುವುದು ಕಪ್ಪಗಾಗುತ್ತಿರುವ ನೀರು ಮಾತ್ರ.

ಮಳೆ ಬಂದೇ ಬಿಟ್ಟಿತು. ಚಟಪಟ ಜೋರಾಯಿತು.

"ತಂತಿ ಬಿಚ್ಚು. ಸಿಡಿಲು ಹತ್ರ ಬಂತು," ಎಂದ ಚಿಕ್ಕಪ್ಪ.

"ಇನ್ನೈದು ನಿಮಿಷ, ಚಿಕ್ಕಪ್ಪ. ನಿನ್ನ ದಮ್ಮಯ್ಯ."

"ತಲೆ ಕೆಟ್ಟಿದ್ಯಾ? ಯಾವ ಸ್ಟೇಷನ್ನಿಗೆ ಕಾಯ್ತಿದ್ದೀಯೆ?"

"ಸ್ಟೇಷನ್ನಲ್ಲ. ಅವನ ದೋಣಿಗೆ." ಹೇಳಿಬಿಟ್ಟಳು. "ತಂತಿ ಬಿಚ್ಚಿದ್ರೆ ಅವನು ಬಂದದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

ಚಿಕ್ಕಪ್ಪ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ತಾನೇ ತಂತಿ ಕಿತ್ತ. "ಕಾಲಿಲ್ವಾ ನಿಂಗೆ? ಹೋಗಿ ನೋಡು."

ಅವಳು ಓಡಿದಳು. ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಜೆಟ್ಟಿಯ ತುದಿಯಲ್ಲಿ ಯಾರೋ ಬಗ್ಗಿ ದೋಣಿಗೆ ಹಗ್ಗ ಬಿಗಿಯುತ್ತಿದ್ದರು. ತಿರುಗಿ ನೋಡಿದರೆ ಅವನೇ, ತೊಪ್ಪೆಯಾಗಿ ನೆನೆದವನು.

"ಹಡಗಿನವರು ತಡ ಮಾಡಿದ್ರು, ಮೇಡಂ. ಅಲೆ ಬೇರೆ ಜೋರು, ಒಂದ್ಸಲ ಮುಗೀತು ಅಂದ್ಕೊಂಡೆ." ಆಮೇಲೆ ಹೆಮ್ಮೆಯಿಂದ, "ನಾನು ಬಂದದ್ದು ಕೇಳಿಸ್ಲಿಲ್ಲ ಅಲ್ವಾ? ರೇಡಿಯೋಗೆ ತೊಂದ್ರೆ ಕೊಡದಂಥ ಪ್ಲಗ್ ಇದೆಯಂತೆ, ಬೆಳಿಗ್ಗೇನೇ ಎಂಜಿನ್ನಿಗೆ ಹಾಕಿಸ್ದೆ. ನಿಮಗೋಸ್ಕರ."

ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ನೀನು ಸತ್ತೇಹೋದೆ ಅಂದ್ಕೊಂಡೆ ಕಣೋ!"

ಅವನ ಮುಖದ ನಗು ಇಳಿಯಿತು. ಅವಳು ಅಳುತ್ತಿದ್ದಳು, ಮಳೆಯಲ್ಲೂ ಅದು ಗೊತ್ತಾಗುತ್ತಿತ್ತು.

"ನಿಮಗೆ ಖುಷಿಯಾಗ್ಲಿ ಅಂತ..."

"ನೀನು ಬೇಕು ನಂಗೆ. ಅರ್ಥ ಆಯ್ತಾ? ಇವತ್ತಲ್ಲ, ಮೊದಲ್ನೇ ದಿನದಿಂದ."

"ನನಗೂ," ಎಂದ ಅವನು. ಕೈ ಒರೆಸಿಕೊಳ್ಳುವುದನ್ನೂ ಮರೆತು ಅವಳ ಕೆನ್ನೆ ಹಿಡಿದುಕೊಂಡ. ಕಡಲ ಮೇಲೆ ಸಿಡಿಲು ಬಡಿಯಿತು. ಇಬ್ಬರೂ ಕದಲಲಿಲ್ಲ.

"ನಾಳೆ ಮತ್ತೆ ಹೋಗ್ಲೇಬೇಕಾ?"

"ಹೋಗ್ಬೇಕು. ಆ ಹಡಗಿಗೆ ಇನ್ನೂ ಎರಡು ಟ್ರಿಪ್ ಇದೆ."

"ಹಾಗಾದ್ರೆ ಆ ಹಾಳು ಪ್ಲಗ್ ತೆಗೀ, ಹಳೇದನ್ನೇ ಹಾಕು. ಮೇಷ್ಟ್ರು ಬೈದ್ರೆ ಬೈಸ್ಕೊಳ್ತೀನಿ. ಯಾವ ಸ್ಟೇಷನ್ನೂ ಸಿಗದಿದ್ರೂ ಚಿಂತೆಯಿಲ್ಲ, ನೀನು ಬಂದೆ ಅಂತ ನಂಗೆ ಗೊತ್ತಾಗ್ಬೇಕು."

ಅವನು ಆ ಮಳೆಯಲ್ಲೇ ದೋಣಿಗೆ ಇಳಿದು ಸ್ಪ್ಯಾನರ್ ಹುಡುಕತೊಡಗಿದ.